ಪಿಕಪ್ ಗಾಡಿಗೆ ಸ್ಟೀರಿಯೊ: ಕಂಪೆನಿಯದ್ದೋ, ಹೊರಗಿನದ್ದೋ?

ಈ ತಿಂಗಳ ವಿಷಯ ನೋಡಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಮಕ್ಕಳಿಗೆ ಗುಣಾಕಾರ, ಭಾಗಾಕಾರ ಹೇಳಿಕೊಡುವ ಟೀಚರಿಗೆ ಪಿಕಪ್ ಗಾಡಿಯ ಸ್ಟೀರಿಯೊ ಉಸಾಬರಿ ಯಾಕೆ ಎಂದು ನಮ್ಮ ಮನೆಯಲ್ಲೂ ಕೇಳಿದರು. ಆದರೆ ಒಂದು ಮಾತು ಯೋಚಿಸಿ. ನಿಮ್ಮ ಬೀದಿಯಲ್ಲಿ ಬೊಲೆರೊ ಪಿಕಪ್ಪೋ, ಟಾಟಾ ಏಸೋ, ದೋಸ್ತ್ ಗಾಡಿಯೋ ನಿಂತಿದ್ದರೆ ಅದರ ಮುಂಗಡದಲ್ಲಿ ಯಾರದೋ ಬಳೆ, ಯಾರದೋ ಸರ ಸೇರಿರುತ್ತದೆ. ಬಳೆ ಕೊಡುವಾಗ ಹೆಣ್ಣು ಬೇಕು, ಗಾಡಿಗೆ ಏನು ಹಾಕಿಸಬೇಕು ಎಂದು ತೀರ್ಮಾನಿಸುವಾಗ ಅದು ಗಂಡಸರ ವಿಷಯ!

ನನ್ನ ತಮ್ಮ ಶಿವಮೊಗ್ಗದಿಂದ ಉಡುಪಿ ಕಡೆಗೆ ತರಕಾರಿ ಸಾಗಿಸುತ್ತಾನೆ. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಹೆಬ್ರಿಯ ಮೇಲೆ ಹೋಗುವ ದಾರಿ. 2021ರಲ್ಲಿ ಅವನು ಪಿಕಪ್ ಕೊಂಡಾಗ ಮುಂಗಡಕ್ಕಾಗಿ ಅವನ ಹೆಂಡತಿ ತನ್ನ ಮಹರ್‌ನ ಎರಡು ಬಳೆ ಮಾರಲು ಕೊಟ್ಟಳು. ಕೊಂಡದ್ದು ಕಡಿಮೆ ಬೆಲೆಯ ಮಾದರಿ. ಸ್ಟೀರಿಯೊ ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳ ಮಾತ್ರ ಇತ್ತು. ಒಂದು ವಾರದೊಳಗೆ ಪೇಟೆಯ ಅಂಗಡಿಯೊಂದರಲ್ಲಿ 14,000 ರೂಪಾಯಿ ಕೊಟ್ಟು ದೊಡ್ಡ ಆಂಡ್ರಾಯ್ಡ್ ಪರದೆ, ಬಾಗಿಲಿಗೆ ಎರಡು ಸ್ಪೀಕರ್, ಸೀಟಿನ ಹಿಂದೆ ಒಂದು ಬೇಸ್ ಟ್ಯೂಬ್ ಹಾಕಿಸಿಕೊಂಡು ಬಂದ. ಹೆಂಡತಿಗೆ ತಿಳಿದದ್ದು ಗಾಡಿ ಅಂಗಳಕ್ಕೆ ಬಂದು ಕಿಟಕಿಯ ಗಾಜು ನಡುಗಿದಾಗ.

ನಾಲ್ಕನೇ ವಾರ ಒಂದು ಶನಿವಾರ ಸಂಜೆ ಆರಕ್ಕೆ ಗಾಡಿ ನಿಲ್ಲಿಸಿದವನು ಸೋಮವಾರ ಬೆಳಗಿನ ಜಾವ ಎರಡು ಗಂಟೆಗೆ ಕೀ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನಿಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಗಾಡಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡುವಷ್ಟರಲ್ಲಿ ಫಜ್ರ್ ಬಾಂಗ್ ಆಯಿತು. ಮಂಡಿಯ ವ್ಯಾಪಾರಿ ಮಾಲನ್ನು ಬೇರೆ ಗಾಡಿಗೆ ಹಾಕಿ ಕಳಿಸಿದ್ದ. ಹೋದದ್ದು ಆ ಒಂದು ದಿನದ ಬಾಡಿಗೆಯಷ್ಟೇ ಅಲ್ಲ. ಮುಂದೆ ಎರಡು ತಿಂಗಳು ಆ ವ್ಯಾಪಾರಿ ಇವನನ್ನು ಕರೆಯಲಿಲ್ಲ.

ನಮ್ಮ ಬೀದಿಯ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಪರದೆ ಎಳೆದು ಹಿಂದೆ ನೋಡಿದರು. ಹೊರಗೆ ಸಿಗುವ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ವಯರಿಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಇರುತ್ತದೆ. ಗಡಿಯಾರ, ಚಾನೆಲ್ ಇವುಗಳ ನೆನಪು ಉಳಿಯಲೂ ಅದು ಬೇಕು. ಕೆಂಪು ವಯರಿಗೆ ಕೀ ತಿರುಗಿಸಿದರೆ ಮಾತ್ರ ಕರೆಂಟ್ ಬರಬೇಕು. ಕಪ್ಪು ವಯರು ಅರ್ಥ್‌ಗೆ. ಅಂಗಡಿಯವನು ಹಳದಿಯನ್ನೂ ಕೆಂಪನ್ನೂ ಒಟ್ಟಿಗೆ ತಿರುಚಿ ಟೇಪ್ ಸುತ್ತಿದ್ದ. ಲೋಡ್ ಮಾಡುವಾಗ ಕೀ ಇಲ್ಲದೆಯೂ ಹಾಡಲಿ ಎಂದು ತಮ್ಮನೇ ಕೇಳಿದ್ದನಂತೆ! ಪರದೆ ಕಪ್ಪಾಗಿದ್ದರೂ ಒಳಗೆ ಜೀವ ಇತ್ತು.

ಇದನ್ನು ನಾನು ಏಳನೇ ತರಗತಿಗೆ ಲೆಕ್ಕವಾಗಿ ಕೊಟ್ಟೆ. ಬ್ಯಾಟರಿಯ ಮೇಲೆ 65 ಆಂಪಿಯರ್ ಅವರ್ ಎಂದಿದೆ. ಸ್ಟೀರಿಯೊ ಗಂಟೆಗಟ್ಟಲೆ 2 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಶನಿವಾರ ಸಂಜೆ ಆರರಿಂದ ಸೋಮವಾರ ಬೆಳಗಿನ ಜಾವ ಎರಡರವರೆಗೆ 32 ಗಂಟೆ. 32ನ್ನು 2ರಿಂದ ಗುಣಿಸಿದರೆ 64. ಡೀಸೆಲ್ ಎಂಜಿನ್ ತಿರುಗಿಸಲು ಉಳಿದದ್ದೆಷ್ಟು? ಹಿಂದಿನ ಬೆಂಚಿನ ಹುಡುಗ ಕೂಡ ಸರಿಯಾಗಿ ಉತ್ತರ ಹೇಳಿದ.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮೂರು ತಿಂಗಳ ನಂತರ ಒಂದು ಮದುವೆಗೆಂದು ಗಂಡ, ಹೆಂಡತಿ, ಮಗ ಮೂವರೂ ಅದೇ ಗಾಡಿಯಲ್ಲಿ ಘಾಟಿ ಇಳಿಯುತ್ತಿದ್ದಾಗ ಮಗು "ಅಮ್ಮಿ, ಏನೋ ಸುಟ್ಟ ವಾಸನೆ" ಎಂದಿತು. ತಮ್ಮ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ಬ್ಯಾಟರಿಯ ವಯರು ಕಳಚಿದ. ಬೇಸ್ ಟ್ಯೂಬಿಗೆ ಬ್ಯಾಟರಿಯಿಂದ ನೇರವಾಗಿ ಎಳೆದಿದ್ದ ವಯರು, ಎಂಜಿನ್ನಿನಿಂದ ಕ್ಯಾಬಿನ್‌ಗೆ ಬರುವ ತಗಡಿನ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದು, ತಗಡಿಗೆ ತಾಗಿ ಕಾದು ಕರಗುತ್ತಿತ್ತು. ನಡುವೆ ಒಂದು ಫ್ಯೂಸ್ ಇದ್ದಿದ್ದರೆ ಅದು ಆ ಕ್ಷಣದಲ್ಲೇ ಹಾರಿಹೋಗುತ್ತಿತ್ತು. ಫ್ಯೂಸೇ ಇರಲಿಲ್ಲ. ಅಲ್ಲಾಹನ ಕೃಪೆ, ಮೂವರೂ ಕ್ಷೇಮವಾಗಿ ಮದುವೆ ಮನೆ ತಲುಪಿದರು.

ಹಾಗಾದರೆ ಕಂಪೆನಿಯದ್ದೇ ಒಳ್ಳೆಯದೇ? ನಾನು ಅಷ್ಟು ಸುಲಭವಾಗಿ ಹೌದು ಎನ್ನಲಾರೆ. ಮೊದಲು "ಕಂಪೆನಿ ಫಿಟ್ಟಿಂಗ್" ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಕಾರ್ಖಾನೆಯಲ್ಲಿ ಗಾಡಿ ತಯಾರಾಗುವಾಗಲೇ ಅದರ ವಯರಿಂಗ್ ಜೊತೆಗೆ ಕೂರಿಸಿದ ಸೆಟ್ ಒಂದು. ಶೋರೂಮಿನವರು ಗಾಡಿ ಕೊಡುವ ಮುಂಚೆ ತಾವೇ ಹಾಕಿಸಿಕೊಡುವ ಸೆಟ್ ಇನ್ನೊಂದು. ಎರಡನೆಯದು ಕೆಲವೊಮ್ಮೆ ಗಾಡಿ ಕಂಪೆನಿಯ ಅಧಿಕೃತ ಆಕ್ಸೆಸರಿ ಆಗಿರುತ್ತದೆ, ಕೆಲವೊಮ್ಮೆ ಪೇಟೆಯಲ್ಲಿ ಸಿಗುವ ಅದೇ ಮಾಲು ಆಗಿರುತ್ತದೆ. ಇದು ಅಧಿಕೃತ ಆಕ್ಸೆಸರಿಯೇ, ವಾರಂಟಿ ಯಾರದ್ದು ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಅದಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ.

ಕಾರ್ಖಾನೆಯ ಸೆಟ್ಟಿನ ದೊಡ್ಡ ಗುಣ ಅದರ ವಯರಿಂಗ್. ಎಲ್ಲಿ ಫ್ಯೂಸ್ ಇರಬೇಕು, ವಯರು ಎಲ್ಲಿ ಹಾದುಹೋಗಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಕೆಟ್ಟರೆ ಗಾಡಿಯ ವಾರಂಟಿಯಲ್ಲೇ ಕೇಳಬಹುದು. ಅದರ ದುರ್ಗುಣ ಸ್ಪೀಕರ್. ಹೆಚ್ಚಾಗಿ ಎರಡೇ ಸಣ್ಣ ಸ್ಪೀಕರ್ ಇರುತ್ತವೆ, ಡೀಸೆಲ್ ಎಂಜಿನ್ನಿನ ಗದ್ದಲದಲ್ಲಿ ಬಯಾನ್ ಮಾಡುವವರ ಮಾತು ಗೊಣಗಿದಂತೆ ಕೇಳುತ್ತದೆ. (ಗಾಡಿಯಲ್ಲಿ ಖಿರಾಅತ್ ಕೇಳಬೇಕೋ ಹಾಡು ಕೇಳಬೇಕೋ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ವಯರಿಗೆ ಎರಡೂ ಒಂದೇ.) ವಾರಂಟಿ ಮುಗಿದ ಮೇಲೆ ಕೆಟ್ಟರೆ ಹೊಸದಕ್ಕೆ ದುಬಾರಿ ಬೆಲೆ. ಇನ್ನು ಕೇವಲ ಸ್ಟೀರಿಯೊ ಆಸೆಗೆ ಮೇಲಿನ ಮಾದರಿಯ ಗಾಡಿ ಕೊಳ್ಳುವುದಂತೂ ಬೇಡ. ಆ ಹೆಚ್ಚಿನ ಹಣ ಕಂತಿನಲ್ಲಿ ಸೇರಿ ವರ್ಷಗಟ್ಟಲೆ ನಿಮ್ಮ ಅಡುಗೆಮನೆಯ ಖರ್ಚನ್ನು ತಿನ್ನುತ್ತದೆ.

ಹೊರಗಿನ ಸೆಟ್ಟಿಗೆ ಅದರದೇ ಅನುಕೂಲವಿದೆ. ಸ್ಟೀರಿಯೊ ಮುಖದ ಅಳತೆಗೆ ಜರ್ಮನಿಯವರು ಮಾಡಿದ ಒಂದು ಗುಣಮಟ್ಟ ಲೋಕಕ್ಕೆಲ್ಲ ಹರಡಿದೆ, ಅದಕ್ಕೆ ಡಿನ್ ಎನ್ನುತ್ತಾರೆ. ಸಿಂಗಲ್ ಡಿನ್ ಎಂದರೆ ಸುಮಾರು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಡಬಲ್ ಡಿನ್ ಎಂದರೆ ಅದರ ಎರಡು ಪಟ್ಟು ಎತ್ತರ. ಗಾಡಿಯಲ್ಲಿ ಈ ಅಳತೆಯ ಜಾಗವಿದ್ದರೆ ಸೋನಿಯದ್ದಾಗಲಿ ಪಯೋನೀರ್‌ದ್ದಾಗಲಿ ಕೂರುತ್ತದೆ, ಕೆಟ್ಟರೆ ಬದಲಿಸುವುದೂ ಸುಲಭ. ಆದರೆ ಡಬ್ಬಿಯ ಮೇಲಿನ ಅಂಕೆಗೆ ಮರುಳಾಗಬೇಡಿ. "50 ವ್ಯಾಟ್ × 4" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಹಿಂದೆ ತಿರುಗಿಸಿ ಅದರ ಫ್ಯೂಸ್ ನೋಡಿ. 10 ಆಂಪಿಯರ್ ಎಂದಿದ್ದರೆ, 12 ವೋಲ್ಟಿಗೆ ಗುಣಿಸಿದರೆ ಒಳಗೆ ಹೋಗುವುದೇ 120 ವ್ಯಾಟ್. ಅದರಲ್ಲೂ ಒಂದಷ್ಟು ಬಿಸಿಯಾಗಿ ಹೋಗುತ್ತದೆ. 120 ಹಾಕಿ 200 ತೆಗೆಯುವ ಲೆಕ್ಕ ನಮ್ಮ ಶಾಲೆಯಲ್ಲಂತೂ ಕಲಿಸುವುದಿಲ್ಲ. ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್ ಎಷ್ಟು ಎಂದು. ಸಾಮಾನ್ಯ ಸೆಟ್ಟುಗಳಲ್ಲಿ ಅದು ಪ್ರತಿ ಸ್ಪೀಕರಿಗೆ 15ರಿಂದ 20ರಷ್ಟೇ ಇರುತ್ತದೆ, ಪಿಕಪ್ಪಿನ ಪುಟ್ಟ ಕ್ಯಾಬಿನ್‌ಗೆ ಅದು ಧಾರಾಳವಾಗಿ ಸಾಕು.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ ಹೇಳುತ್ತೇನೆ. ಗಾಡಿಯ ಜೊತೆಗೇ ಸೆಟ್ ಬಂದಿದ್ದರೆ ಅದನ್ನು ಕೀಳಿಸಬೇಡಿ, ಅದೇ ಜಾಗಕ್ಕೆ, ಅದೇ ಅಳತೆಯ ಒಳ್ಳೆಯ ಸ್ಪೀಕರ್ ಎರಡನ್ನು ಮಾತ್ರ ಬದಲಿಸಿ. ಸೆಟ್ ಬಂದಿಲ್ಲದಿದ್ದರೆ ಹೊರಗಿನ ಸಣ್ಣ, ಸರಳ ಸ್ಟೀರಿಯೊ ಹಾಕಿಸಿ, ಆಂಪ್ಲಿಫೈಯರ್ ಇಲ್ಲದೆ, ಬೇಸ್ ಟ್ಯೂಬ್ ಇಲ್ಲದೆ. ವಯರು ಕತ್ತರಿಸಿ ತಿರುಚುವವರ ಬಳಿ ಹೋಗಬೇಡಿ. ಗಾಡಿಯ ವಯರಿನ ತುದಿಗೆ ಸರಿಯಾಗಿ ಕೂರುವ ಕಪ್ಲರ್ ಸಿಗುತ್ತದೆ, ಅದನ್ನು ಚುಚ್ಚಿದರೆ ಮುಗಿಯಿತು, ಬೇಡವಾದಾಗ ಕಳಚಲೂಬಹುದು. ವಯರು ಕತ್ತರಿಸಿದ್ದರೆ ಮುಂದೆ ಎಲೆಕ್ಟ್ರಿಕಲ್ ದೋಷ ಬಂದಾಗ ಕಂಪೆನಿಯವರು ಅದನ್ನೇ ತೋರಿಸಿ ವಾರಂಟಿ ನಿರಾಕರಿಸಬಹುದು. ಹಟ ಹಿಡಿದು ಆಂಪ್ಲಿಫೈಯರ್ ಹಾಕಿಸಲೇಬೇಕು ಎಂದರೆ ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸ್ ಇರಲಿ, ತಗಡಿನ ತೂತಿಗೆ ರಬ್ಬರ್ ಬಳೆ ಇರಲಿ. ಬಾಗಿಲಿನ ತಗಡು ಕೊರೆದು ದೊಡ್ಡ ಸ್ಪೀಕರ್ ಕೂರಿಸುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಕೊರೆದ ಅಂಚಿನಿಂದಲೇ ತುಕ್ಕು ಶುರುವಾಗುತ್ತದೆ.

ವಿಮೆಯ ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಗಾಡಿಯ ಬೆಲೆಯಲ್ಲಿ ಸೇರದೆ ಆಮೇಲೆ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು, 2002ರ ಮೋಟಾರ್ ಟ್ಯಾರಿಫ್‌ನಲ್ಲಿ ಅದಕ್ಕೆ ಬೆಲೆಯ ಶೇಕಡಾ 4ರಷ್ಟು ಹೆಚ್ಚುವರಿ ಪ್ರೀಮಿಯಂ ಇತ್ತು. ಬರೆಸದಿದ್ದರೆ ಅಪಘಾತದಲ್ಲಿ ಸ್ಟೀರಿಯೊ ಪುಡಿಯಾದರೂ ಅದರ ದುಡ್ಡು ಬರುವುದಿಲ್ಲ. ಅಲ್ಲದೆ ಸರಕು ಗಾಡಿಗಳ ಸಾಮಾನ್ಯ ಪಾಲಿಸಿಯಲ್ಲಿ ಗಾಡಿಯನ್ನು ಬಿಟ್ಟು ಬರೀ ಆಕ್ಸೆಸರಿ ಕಳವಾದರೆ ಪರಿಹಾರವಿಲ್ಲ. ಸಂತೆಯ ಬಳಿ ರಾತ್ರಿ ನಿಲ್ಲುವ ಗಾಡಿಯಲ್ಲಿ ದೊಡ್ಡ ಪರದೆ ಹೊಳೆಯುವುದು ಕಳ್ಳನಿಗೆ ಮಾತ್ರ ಸಂತೋಷ.

ಆ ಪರದೆಯ ಬಗ್ಗೆ ಇನ್ನೊಂದು ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಹಾಡು ಬದಲಿಸಲು ಎರಡು ಸೆಕೆಂಡ್ ಪರದೆ ನೋಡಿದರೆ 22 ಮೀಟರ್ ಕುರುಡಾಗಿ ಓಡಿಸಿದಂತೆ. ಆಗುಂಬೆಯ ತಿರುವಿನಲ್ಲಿ 22 ಮೀಟರ್ ಎಲ್ಲಿದೆ? ತಿರುಗಿಸುವ ಗುಂಡಿ ಇರುವ ಸಣ್ಣ ಸ್ಟೀರಿಯೊ ಆದರೆ ಕೈಗೆ ತಾನೇ ಗೊತ್ತಾಗುತ್ತದೆ, ಕಣ್ಣು ರಸ್ತೆಯ ಮೇಲಿರುತ್ತದೆ. ಬ್ಲೂಟೂತ್‌ನಲ್ಲಿ ಫೋನ್ ಮಾತಾಡಬಹುದಲ್ಲ ಎನ್ನುತ್ತಾರೆ. ಕೈಯಲ್ಲಿ ಫೋನ್ ಹಿಡಿಯುವುದಕ್ಕಿಂತ ವಾಸಿ, ನಿಜ. ಆದರೂ ಮನಸ್ಸು ಮಾತಿನ ಕಡೆ ಹೋಗುತ್ತದೆ. ಅವರು ಘಾಟಿಯಲ್ಲಿರುವ ಹೊತ್ತು ನಿಮಗೆ ಗೊತ್ತೇ ಇರುತ್ತದೆ, ಆ ಒಂದು ಗಂಟೆ "ಎಲ್ಲಿದ್ದೀರಿ" ಎಂದು ಫೋನ್ ಮಾಡಬೇಡಿ.

ಕಿವಿಯ ಮಾತು ಹೇಳದೆ ಇರಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಅದಕ್ಕಿಂತ 3 ಡೆಸಿಬೆಲ್ ಏರಿದರೆ ಆ ಸಮಯ ಅರ್ಧಕ್ಕಿಳಿಯುತ್ತದೆ. ಚಾಲಕ ದಿನವಿಡೀ ಎಂಜಿನ್ನಿನ ಪಕ್ಕದಲ್ಲೇ ಕೂತಿರುತ್ತಾನೆ, ಅದರ ಮೇಲೆ ಹಾಡಿನ ಸದ್ದು. ಮನೆಗೆ ಬಂದು ಟಿವಿ ಜೋರು ಮಾಡು ಎಂದರೆ, ಕಿವಿಯಲ್ಲಿ ಗುಂಯ್‌ಗುಡುತ್ತಿದೆ ಎಂದರೆ, ನಾಲ್ಕು ಸಲ ಕರೆದರೂ ತಿರುಗದಿದ್ದರೆ ಸಿಟ್ಟಾಗುವ ಮುಂಚೆ ಕಿವಿ ಡಾಕ್ಟರ ಬಳಿ ಕಳಿಸಿ. ವಾಲ್ಯೂಮ್ ಏರಿಸುವ ಬದಲು ಬಾಗಿಲಿನ ಹರಿದ ರಬ್ಬರ್ ಬೀಡಿಂಗ್ ಬದಲಿಸಿದರೆ ಹೊರಗಿನ ಗದ್ದಲ ಎಷ್ಟೋ ತಗ್ಗುತ್ತದೆ, ಖರ್ಚೂ ಕಡಿಮೆ.

ಘಾಟಿಯ ಘಟನೆಯ ನಂತರ ನನ್ನ ತಮ್ಮ ಬೇಸ್ ಟ್ಯೂಬನ್ನೂ ಪರದೆಯನ್ನೂ ಅರ್ಧ ಬೆಲೆಗೂ ಕಡಿಮೆಗೆ ಮಾರಿದ. ಹೊಸದನ್ನು ಹಾಕಿಸುವ ದಿನ ಹೆಂಡತಿಯೇ ಜೊತೆಗೆ ಹೋಗಿ ಅಂಗಡಿಯ ಸ್ಟೂಲಿನ ಮೇಲೆ ಕೂತಳು. "ಆಪಾ, ನಾನು ಮೂರೇ ಮಾತು ಕೇಳಿದೆ, ಕಪ್ಲರ್ ಎಲ್ಲಿ, ಫ್ಯೂಸ್ ಎಲ್ಲಿ, ಬಿಲ್ ಎಲ್ಲಿ. ಅಂಗಡಿಯವನು ಇವರ ಮುಖ ನೋಡಿದ, ಇವರು ಗೋಡೆ ನೋಡಿದರು" ಎಂದು ನಗುತ್ತಾ ಹೇಳಿದಳು. ಸಿಂಗಲ್ ಡಿನ್ ಸೆಟ್, ಎರಡು ಸ್ಪೀಕರ್, ಕಪ್ಲರ್ ಎಲ್ಲ ಸೇರಿ ಮೊದಲಿನದರ ಅರ್ಧದಷ್ಟೂ ಆಗಲಿಲ್ಲ. ಈಗ ಗಾಡಿ ಅಂಗಳಕ್ಕೆ ಬಂದು ನಿಂತ ಕೂಡಲೇ ಕೀ ತೆಗೆದು, ಸ್ಟೀರಿಯೊ ದೀಪ ಆರಿದೆಯೇ ಎಂದು ಇಣುಕಿ ನೋಡುವ ಕೆಲಸ ಮಗನದ್ದು.