ನಿರ್ಭೀತಿ ಅಂಗಡಿಯ ಸರಕೇ?

2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ಪಾಶವೀ ಅತ್ಯಾಚಾರಕ್ಕೆ ಬಲಿಯಾದ ಯುವತಿಯನ್ನು ದೇಶವು ‘ನಿರ್ಭಯಾ’ ಎಂದು ಕರೆಯಿತು. 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯು ಅದೇ ಅರ್ಥದ ‘ನಿರ್ಭೀಕ್’ ರಿವಾಲ್ವರನ್ನು ಮಹಿಳೆಯರಿಗೆಂದು ಮಾರುಕಟ್ಟೆಗಿಳಿಸಿತು. ತೂಕ ಅರ್ಧ ಕಿಲೋ; ಆಗಿನ ಬೆಲೆ 1,22,360 ರೂಪಾಯಿ! ರಕ್ಷಣೆ ನೀಡಬೇಕಾದ ಸರಕಾರವೇ ರಕ್ಷಣೆಯ ವ್ಯಾಪಾರಕ್ಕಿಳಿದರೆ ಕೂಲಿಕಾರನ ಮಗಳು ಯಾರ ಬಾಗಿಲು ತಟ್ಟಬೇಕು?

ಜನಸಾಮಾನ್ಯರಿಗೆ ವಿದೇಶಿ ಬಂದೂಕುಗಳ ಆಮದನ್ನು 1980ರ ದಶಕದಲ್ಲೇ ನಿರ್ಬಂಧಿಸಲಾಯಿತು. ಪೈಪೋಟಿಯಿಲ್ಲದ ಕಡೆ ಬೆಲೆ ಏರದಿರುತ್ತದೆಯೇ? ಏರಿದಷ್ಟೂ ರಿವಾಲ್ವರ್ ಆತ್ಮರಕ್ಷಣೆಯ ಸಾಧನವಾಗಿ ಉಳಿಯದೆ ಅಂತಸ್ತಿನ ಕುರುಹಾಗುತ್ತದೆ. ಸಂಭ್ರಮದ ಹೆಸರಿನಲ್ಲಿ ಗುಂಡು ಹಾರಿಸಿ ಮೆರೆಯುವವರನ್ನು ಶಿಕ್ಷಿಸಲು 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಯನ್ನೇ ತಿದ್ದಬೇಕಾಯಿತು.

ಗಲಭೆಯ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲೂ ‘ಪರವಾನಿಗೆ ಮಾಡಿಸಿ ಒಂದನ್ನು ಇಟ್ಟುಕೊಂಡರೆ ಹೇಗೆ?’ ಎಂಬ ಮಾತು ಏಳುತ್ತದೆ. ಆ ಭೀತಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆತ್ಮರಕ್ಷಣೆಯನ್ನು ಇಸ್ಲಾಮ್ ನಿಷೇಧಿಸಿಯೂ ಇಲ್ಲ. ಆದರೆ 2015ರಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದದ್ದು ತಂತಮ್ಮ ಮನೆಬಾಗಿಲಲ್ಲೇ. ಅಂಥ ಗಳಿಗೆಯಲ್ಲಿ ಕಪಾಟಿನೊಳಗಿನ ರಿವಾಲ್ವರ್ ಏನು ಮಾಡೀತು? ಅದು ಕೈಗೆ ಸಿಗುವುದು ಆಡುವ ಮಗುವಿಗೆ, ಸಿಟ್ಟಿಗೆದ್ದ ಸಹೋದರನಿಗೆ. ತಮಾಷೆಗೂ ಸಹೋದರನತ್ತ ಆಯುಧ ತೋರಬಾರದೆಂದು ಪ್ರವಾದಿ(ಸ)ಯವರು ಎಚ್ಚರಿಸಿರುವುದನ್ನು ಮರೆಯದಿರೋಣ.

ಲಕ್ಷ ರೂಪಾಯಿ ಉಳ್ಳವರು ಅದನ್ನು ಮಗಳ ಕಾನೂನು ಪದವಿಗೆ ವ್ಯಯಿಸಲಿ. ಸರಕಾರದಿಂದ ನಾವು ಕೇಳಬೇಕಾದದ್ದು ರಿವಾಲ್ವರನ್ನಲ್ಲ. ನಿಷ್ಪಕ್ಷಪಾತಿ ಪೊಲೀಸರನ್ನು, ಶೀಘ್ರ ನ್ಯಾಯವನ್ನು. ನಿರ್ಭೀತಿಯು ಪ್ರಜೆಯ ಹಕ್ಕು, ಉಳ್ಳವರು ಕೊಳ್ಳುವ ಸರಕಲ್ಲ.