ಗಾಜಿನ ಮೇಲೆ ಚಿತ್ತಾರ, ಎದೆಯೊಳಗೆ ಧೂಳು

ಸೊಲ್ಲಾಪುರ: ಹೊಸ ಮನೆ ಕಟ್ಟಿಸಿದವರಿಗೆ ದೇವರ ಕೋಣೆ ಬಾಗಿಲಿಗೆ ಚಿತ್ತಾರದ ಗಾಜು ಬೇಕೇ ಬೇಕು. ಇಲ್ಲಿಂದ ಅಕ್ಕಲಕೋಟ, ಜತ್ತವರೆಗೆ ಗಣಪತಿ, ಕಳಸ, ನವಿಲಿನ ಗಾಜು ಮೆಚ್ಚುವವರಿದ್ದಾರೆ. ಅದನ್ನು ಕೊರೆಯುವ ಹುಡುಗರ ಎದೆಗೂಡಿನ ಬಗ್ಗೆ ಕೇಳುವವರಿಲ್ಲ.

ಸ್ಯಾಂಡ್‌ಬ್ಲಾಸ್ಟಿಂಗ್ ಕೆಲಸ ನೋಡಲು ಸರಳ. ಗಾಜಿಗೆ ಸ್ಟಿಕರ್ ಅಂಟಿಸಿ, ಚಿತ್ರದ ಭಾಗವನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ. ಕಂಪ್ರೆಸರ್ ಗಾಳಿಯ ಜೊತೆ ಮರಳು ಚಿಮ್ಮಿಸಿದರೆ ತೆರೆದ ಭಾಗ ಬೆಳ್ಳಗೆ ಮಸುಕಾಗುತ್ತದೆ. ಬಡಿದ ಮರಳು ಒಡೆದು ಕಣ್ಣಿಗೆ ಕಾಣದ ಸಿಲಿಕಾ ಧೂಳೂ ಏಳುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಬರುತ್ತದೆ. ಅದನ್ನು ವಾಸಿ ಮಾಡುವ ಔಷಧವಿಲ್ಲ. ಕ್ಷಯ ತಗಲುವ ಅಪಾಯವೂ ಹೆಚ್ಚು. ‘ಮುಖಕ್ಕ ಟಾವೆಲ್ ಸುತ್ಕೊಂಡ್ರ ಆತು’ ಎಂಬ ಮಾತು ಸುಳ್ಳು. ಈ ಧೂಳಿಗೆ ಟಾವೆಲ್ ಅಡ್ಡಿಯೇ ಅಲ್ಲ.

ಬ್ರಿಟನ್ 1950ರಲ್ಲೇ ಬ್ಲಾಸ್ಟಿಂಗ್‌ಗೆ ಮರಳು ನಿಷೇಧಿಸಿತು. ನಮ್ಮಲ್ಲಿ ತೊಡಕಾಗಿರುವುದು ತಲೆ ಲೆಕ್ಕ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕಾರ್ಮಿಕ ಸುರಕ್ಷತಾ ಸಂಹಿತೆಯಂತೆ ವಿದ್ಯುತ್ ಬಳಸುವ ಕಡೆ 20 ಕಾರ್ಮಿಕರಿದ್ದರೆ ಮಾತ್ರ ಕಾರ್ಖಾನೆ. 1948ರ ಕೇಂದ್ರ ಕಾಯ್ದೆಯಲ್ಲಿ ಈ ಮಿತಿ 10 ಇತ್ತು. ಇಬ್ಬರು ಮೂವರು ದುಡಿಯುವ ಶೆಡ್ಡು ಎರಡಕ್ಕೂ ಹೊರಗೆ.

ಪರಿಹಾರ ಇಲ್ಲದಿಲ್ಲ. ಮರಳಿನ ಬದಲು ಅಲ್ಯುಮಿನಿಯಂ ಆಕ್ಸೈಡ್ ಪುಡಿ, ಕೈಗಳಷ್ಟೇ ಒಳಗೆ ಹೋಗುವ ಮುಚ್ಚಿದ ಕ್ಯಾಬಿನ್, ಧೂಳು ಎಳೆಯುವ ಯಂತ್ರ ಇದ್ದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಪುಡಿಗೆ ಬೆಲೆ ಹೆಚ್ಚಾದರೂ ಸೋಸಿ ಮತ್ತೆ ಬಳಸಬಹುದು. ಕೆಮ್ಮೆಂದು ಬಂದವರ ಕಸುಬೇನೆಂದು ವೈದ್ಯರು ಕೇಳಬೇಕು. ಗಾಜಿಗೆ ಆರ್ಡರ್ ಕೊಡುವ ಮನೆಯವರೂ ಚೌಕಾಸಿಗೆ ಮೊದಲು ‘ಮರಳೋ, ಪುಡಿಯೋ?’ ಎಂದು ಕೇಳುವುದು ಒಳ್ಳೆಯದು.