ನಯಾಗರದ ಹಳೆಯ ತೂಗುಸೇತುವೆ



ಮಕ್ಕಳು ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ನೆಲೆಸಿದ ಮೇಲೆ ನಮ್ಮ ಅನೇಕ ಮನೆಗಳ ಪಡಸಾಲೆಗೆ ಹೊಸದೊಂದು ಚಿತ್ರ ಬಂದು ಸೇರಿದೆ. ಬಸವಣ್ಣನವರ ಹಾಗೂ ಮಠದ ಹಿರಿಯ ಶ್ರೀಗಳವರ ಭಾವಚಿತ್ರಗಳ ಪಕ್ಕದಲ್ಲಿಯೇ, ನಯಾಗರ ಜಲಪಾತದ ಮುಂದೆ ಮಳೆಯಂಗಿ ತೊಟ್ಟು ನಿಂತ ತಂದೆ ತಾಯಿಯರ ಚಿತ್ರ. ಅಂಗಿ ನೀಲಿಯಾಗಿದ್ದರೆ ಅವರು ಅಮೆರಿಕದ ದಡದಿಂದ ದೋಣಿಯೇರಿದವರೆಂದೂ, ಕೆಂಪಾಗಿದ್ದರೆ ಕೆನಡಾದ ದಡದಿಂದ ಏರಿದವರೆಂದೂ ಬಲ್ಲವರು ಹೇಳುತ್ತಾರೆ. ಕೆಲವು ಚಿತ್ರಗಳಲ್ಲಿ ಹಿನ್ನೆಲೆಯಾಗಿ ಒಂದು ದೊಡ್ಡ ಉಕ್ಕಿನ ಕಮಾನು ಕಾಣುತ್ತದೆ. ಅದು 1941ರಲ್ಲಿ ಸಂಚಾರಕ್ಕೆ ತೆರೆದ ರೇನ್‌ಬೋ ಸೇತುವೆ. ಅದರ ಒಂದು ತುದಿ ಒಂದು ದೇಶದಲ್ಲಿ, ಇನ್ನೊಂದು ತುದಿ ಇನ್ನೊಂದು ದೇಶದಲ್ಲಿ.

ಈ ತಿಂಗಳು ಹೇಳಹೊರಟಿರುವುದು ಆ ಚಿತ್ರಗಳಲ್ಲಿ ಕಾಣಿಸದ ಸೇತುವೆಯನ್ನು ಕುರಿತು. ಜಲಪಾತದಿಂದ ಸುಮಾರು ನಾಲ್ಕು ಕಿಲೋಮೀಟರು ಕೆಳಗೆ, ನದಿ ಇಕ್ಕಟ್ಟಾದ ಕಮರಿಯೊಳಗೆ ಭೋರ್ಗರೆಯುತ್ತ ಹರಿಯುವ ಸ್ಥಳದಲ್ಲಿ, 1855ರಿಂದ 1897ರವರೆಗೆ ಒಂದು ತೂಗುಸೇತುವೆ ಇತ್ತು. ಎರಡು ದೇಶಗಳ ನಡುವೆ ಉಗಿಬಂಡಿಯನ್ನು ಹೊತ್ತು ನಿಂತ ಆ ಸೇತುವೆಯನ್ನು ಕಟ್ಟಿದವರು ಲಾಭನಷ್ಟದ ಲೆಕ್ಕ ಹಾಕಿದ ವ್ಯಾಪಾರಿಗಳು. ಅದರ ನಿಜವಾದ ಬೆಲೆಯನ್ನು ಅರಿತವರು ಬೇರೆಯೇ ಜನ.

ಸೇತುವೆಯ ಕಥೆ ಆರಂಭವಾಗುವುದು ಗಾಳಿಪಟದಿಂದ. 1847ರಲ್ಲಿ ಎರಡೂ ದಡಗಳ ಕಂಪನಿಗಳು ಕೂಡಿ ಚಾರ್ಲ್ಸ್ ಎಲೆಟ್ ಎಂಬ ಎಂಜಿನಿಯರನಿಗೆ ಕೆಲಸವನ್ನು ಒಪ್ಪಿಸಿದವು. ಕಮರಿಯ ಅಗಲ ಸುಮಾರು 800 ಅಡಿ, ಆಳ 200 ಅಡಿಗೂ ಮೀರಿದ್ದು. ಕೆಳಗೆ ದೋಣಿ ನಿಲ್ಲಲಾಗದ ಸೆಳವು. ಮೊದಲನೆಯ ದಾರವನ್ನು ಆಚೆಗೆ ಮುಟ್ಟಿಸುವುದೇ ದೊಡ್ಡ ಸಮಸ್ಯೆಯಾಯಿತು. ಆಗ ಬಹುಮಾನ ಸಾರಿ, ಗಾಳಿಪಟ ಹಾರಿಸಿ ದಾರವನ್ನು ದಾಟಿಸಲು ಊರ ಹುಡುಗರನ್ನು ಕರೆದರು. ಹೋಮನ್ ವಾಲ್ಶ್ ಎಂಬ ಹದಿನೈದು ಹದಿನಾರರ ಬಾಲಕ ಅಮೆರಿಕದ ದಡದವನು. ಗಾಳಿ ಕೆನಡಾದ ಕಡೆಯಿಂದ ಬೀಸುತ್ತಿದ್ದುದರಿಂದ ನದಿಯನ್ನು ದೋಣಿಯಲ್ಲಿ ದಾಟಿ ಆ ದಡಕ್ಕೆ ಹೋಗಿ ಪಟ ಏರಿಸಿದ. ಪಟವೇನೋ ದಾಟಿತು. ಆದರೆ ದಾರವು ಕಮರಿಯ ಹಿಮಗಲ್ಲುಗಳಿಗೆ ಉಜ್ಜಿ ತುಂಡಾಯಿತು. ಅಷ್ಟರಲ್ಲಿ ನದಿಯಲ್ಲಿ ಮಂಜಿನ ಗಡ್ಡೆಗಳು ತುಂಬಿ ದೋಣಿಯೂ ನಿಂತುಹೋಯಿತು. ಎಂಟು ದಿನ ಆ ಹುಡುಗ, ಕಣ್ಣೆದುರಿಗೇ ಇದ್ದ ತನ್ನ ಮನೆಗೆ ಹೋಗಲಾರದೆ ಪರದೇಶದಲ್ಲಿ ಸಿಕ್ಕಿಬಿದ್ದ. ದೋಣಿ ಮತ್ತೆ ಹೊರಟಾಗ ಊರಿಗೆ ಬಂದು, ಪಟವನ್ನು ರಿಪೇರಿ ಮಾಡಿಕೊಂಡು ಹಿಂತಿರುಗಿ ಹೋಗಿ, 1848ರ ಆ ಚಳಿಗಾಲದಲ್ಲಿಯೇ ದಾರ ಮುಟ್ಟಿಸಿದ. ಅವನಿಗೆ ದೊರೆತ ಬಹುಮಾನ ಐದು ಡಾಲರೆಂದು ಕೆಲವರು, ಹತ್ತೆಂದು ಕೆಲವರು ಬರೆದಿದ್ದಾರೆ. ದಾರಕ್ಕೆ ಹುರಿ ಕಟ್ಟಿ, ಹುರಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಕಬ್ಬಿಣದ ತಂತಿ ಕಟ್ಟಿ ಎಳೆದುಕೊಂಡರು.

ಆ ತಂತಿಗೆ ತೂಗುಹಾಕಿದ ಬುಟ್ಟಿಯಲ್ಲಿ ಎಲೆಟ್ ತಾನೇ ಕುಳಿತು ದಾಟಿ ತೋರಿಸಿದ. ಆಮೇಲೆ ಮರದ ಕಿರುಸೇತುವೆಯೊಂದನ್ನು ಕಟ್ಟಿ, ತಲೆಗೆ 25 ಸೆಂಟಿನಂತೆ ಸುಂಕ ಎತ್ತತೊಡಗಿದ. ಸುಂಕದ ಹಣ ಯಾರದೆಂಬ ಜಗಳ ಹುಟ್ಟಿ ಅದೇ ವರ್ಷ ಕೆಲಸ ಬಿಟ್ಟುಹೋದ. ಹಣ ಬರಲಾರಂಭಿಸಿದೊಡನೆ ಪಾಲುದಾರರಲ್ಲಿ ಮನಸ್ತಾಪ ಬರುವುದು ನಮ್ಮ ಅಂಗಡಿಬೀದಿಗಳಲ್ಲಿ ಮಾತ್ರವೆಂದು ತಿಳಿಯಬಾರದು.

ಬಳಿಕ ಬಂದವನು ಜರ್ಮನಿಯಿಂದ ವಲಸೆ ಬಂದಿದ್ದ ಜಾನ್ ರೋಬ್ಲಿಂಗ್. ಮುಂದೆ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯನ್ನು ರೂಪಿಸಿದವನೂ ಇವನೇ. ತಂತಿಗಳಿಗೆ ತೂಗಿದ ಸೇತುವೆ ರೈಲಿನ ಭಾರವನ್ನು ತಾಳೀತೆಂದು ಆಗಿನ ಹೆಚ್ಚಿನ ಎಂಜಿನಿಯರುಗಳು ನಂಬಿರಲಿಲ್ಲ. 1854ರಲ್ಲಿ ಎಲೆಟ್ ಬೇರೊಂದೆಡೆ, ವೀಲಿಂಗ್ ಎಂಬ ಊರಿನಲ್ಲಿ ಕಟ್ಟಿದ್ದ ತೂಗುಸೇತುವೆ ಬಿರುಗಾಳಿಗೆ ಹೊಯ್ದಾಡಿ ಮುರಿದುಬಿದ್ದ ಸುದ್ದಿ ಬಂದಾಗ ಸಂಶಯ ಇನ್ನಷ್ಟು ಬಲಿಯಿತು. ರೋಬ್ಲಿಂಗ್ ಹೆದರಲಿಲ್ಲ. ನಾಲ್ಕು ದಪ್ಪ ಕೇಬಲ್ಲುಗಳು, ಒಂದೊಂದರಲ್ಲಿ 3,640 ತಂತಿಗಳು. ಸೇತುವೆ ತೂಗಾಡದಂತೆ ಮೇಲಿನಿಂದಲೂ ಕೆಳಗಿನಿಂದಲೂ ಓರೆಯಾಗಿ ಬಿಗಿದ ತಂತಿಗಳು. ಎರಡು ಅಂತಸ್ತುಗಳನ್ನು ಒಂದೇ ಪೆಟ್ಟಿಗೆಯಂತೆ ಬಿಗಿಯುವ ಮರದ ಚೌಕಟ್ಟು. ಮೇಲಂತಸ್ತಿನಲ್ಲಿ ರೈಲು, ಕೆಳಗಿನದರಲ್ಲಿ ಕುದುರೆಗಾಡಿಗಳೂ ಕಾಲ್ನಡಿಗೆಯವರೂ. ಗೋಪುರದಿಂದ ಗೋಪುರಕ್ಕೆ 821 ಅಡಿ. 1855ರ ಮಾರ್ಚಿಯಲ್ಲಿ ಮೊದಲ ರೈಲು ಮೆಲ್ಲಮೆಲ್ಲನೆ ಸಾಗಿ ಆಚೆ ಸೇರಿತು.

ಆ ಮೇಲಂತಸ್ತಿನ ಹಳಿಗಳ ವಿಷಯ ಸ್ವಾರಸ್ಯವಾದುದು. ಸೇತುವೆಯನ್ನು ಬಳಸುತ್ತಿದ್ದ ಮೂರು ರೈಲು ಕಂಪನಿಗಳ ಹಳಿಯಗಲ ಮೂರು ಬಗೆಯದಾಗಿತ್ತು. ಒಂದರದು ನಾಲ್ಕಡಿ ಎಂಟೂವರೆ ಅಂಗುಲ, ಇನ್ನೊಂದರದು ಆರಡಿ, ಕೆನಡಾದ ಕಂಪನಿಯದು ಐದಡಿ ಆರು ಅಂಗುಲ. ಈ ಕೊನೆಯದು ನಮ್ಮ ಬ್ರಾಡ್‌ಗೇಜಿನ ಅಳತೆಯೇ. ಹೊಸ ಹಳಿ ಹಾಕುವಷ್ಟು ಜಾಗವಿಲ್ಲದ ಒಂದೇ ಸೇತುವೆಯ ಮೇಲೆ ನಾಲ್ಕು ಕಂಬಿಗಳನ್ನು ಜಾಣತನದಿಂದ ಜೋಡಿಸಿ ಮೂರೂ ಬಗೆಯ ಬಂಡಿಗಳನ್ನು ಓಡಿಸಿದರು. ಮೀಟರ್‌ಗೇಜು ಬ್ರಾಡ್‌ಗೇಜುಗಳ ನಡುವೆ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಾಯಿಸಿದ ನೆನಪುಳ್ಳ ಹಿರಿಯರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ.

ಇನ್ನು ಆ ಬೇರೆ ಜನರ ವಿಚಾರ.

ಆಗ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮನುಷ್ಯರನ್ನು ದನಕರುಗಳಂತೆ ಕೊಂಡು ಮಾರುವ ಪದ್ಧತಿ ಇತ್ತು. ಓಡಿಬಂದ ಗುಲಾಮರು ಉತ್ತರದ ರಾಜ್ಯಗಳನ್ನು ತಲುಪಿದರೂ ಉಳಿಗಾಲವಿರಲಿಲ್ಲ. 1850ರ ಕಾನೂನಿನ ಪ್ರಕಾರ ಅವರನ್ನು ಎಲ್ಲಿದ್ದರೂ ಹಿಡಿದು ಒಡೆಯನಿಗೆ ಮರಳಿಸಬೇಕಾಗಿತ್ತು. ಇಂತಹ ಮೊಕದ್ದಮೆಯಲ್ಲಿ ಕಪ್ಪುಜನರ ವಿರುದ್ಧ ತೀರ್ಪಿತ್ತರೆ ಅಧಿಕಾರಿಗೆ 10 ಡಾಲರು, ಬಿಡುಗಡೆ ಮಾಡಿದರೆ 5 ಡಾಲರು ಎಂದು ಕಾನೂನೇ ದರ ಗೊತ್ತುಮಾಡಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕೆನಡಾದಲ್ಲಿ ಮಾತ್ರ 1834ರಲ್ಲಿಯೇ ಗುಲಾಮಗಿರಿ ಪೂರ್ತಿಯಾಗಿ ಕೊನೆಗೊಂಡಿತ್ತು. ಹೀಗಾಗಿ ನಯಾಗರ ನದಿಯ ನಡುವೆ ರಾಜರುಗಳೂ ಮಂತ್ರಿಗಳೂ ತಮ್ಮ ತಮ್ಮ ಅನುಕೂಲಕ್ಕೆ ಎಳೆದ ಗೆರೆ, ಅವರಾರೂ ಎಣಿಸದ ಒಂದು ಅರ್ಥವನ್ನು ಪಡೆಯಿತು. ಕಲ್ಯಾಣದಿಂದ ಉಳವಿಯತ್ತ ಹೊರಟ ಶರಣರ ಕಥೆಯನ್ನು ಕೇಳುತ್ತ ಬೆಳೆದ ನಮಗೆ, ಬೆನ್ನಟ್ಟಿ ಬರುವವರ ಭಯ ಎಂತಹದೆಂದು ಬಿಡಿಸಿ ಹೇಳಬೇಕಾದುದಿಲ್ಲ.

ಸೇತುವೆಗೆ ಮುಂಚೆ ದೋಣಿಯೇ ಗತಿಯಾಗಿತ್ತು. ಜಲಪಾತದ ಬಳಿ ಕ್ಯಾಟರಾಕ್ಟ್ ಹೌಸ್ ಎಂಬ ಶ್ರೀಮಂತರ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕಿದ್ದ ಕಪ್ಪುಜನರು, ಹಗಲೆಲ್ಲ ಒಡೆಯರಿಗೆ ಊಟ ಬಡಿಸಿ, ರಾತ್ರಿ ಗುಟ್ಟಾಗಿ ಓಡಿಬಂದವರನ್ನು ದೋಣಿಯಲ್ಲಿ ದಾಟಿಸುತ್ತಿದ್ದರು. ಸೇತುವೆ ಬಂದ ಮೇಲೆ ರೈಲಿನಲ್ಲಿಯೇ ದಾಟುವ ದಾರಿಯೂ ತೆರೆಯಿತು.

ಹ್ಯಾರಿಯೆಟ್ ಟಬ್‌ಮನ್ ಎಂಬ ಮಹಿಳೆಯ ಹೆಸರನ್ನು ಕೆಲವರಾದರೂ ಕೇಳಿರಬಹುದು. ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿ ಹುಟ್ಟಿ, 1849ರಲ್ಲಿ ತಪ್ಪಿಸಿಕೊಂಡು, ತಾನೊಬ್ಬಳು ಪಾರಾದರೆ ಸಾಲದೆಂದು ಸುಮಾರು ಹದಿಮೂರು ಸಲ ಅದೇ ಸೀಮೆಗೆ ಹಿಂತಿರುಗಿ ಹೋಗಿ, ಎಪ್ಪತ್ತು ಜನರಷ್ಟನ್ನು ಹೊರಕ್ಕೆ ಕರೆತಂದ ಧೀರೆ. ಓದುಬರಹ ತಿಳಿಯದವರು. 1856ರ ನವೆಂಬರಿನಲ್ಲಿ ಆಕೆ ಕರೆತಂದ ತಂಡದಲ್ಲಿ ಜೋ ಬೈಲಿ ಎಂಬವನಿದ್ದ. ಬಲಿಷ್ಠ ಆಳು. ಹೊಸ ಒಡೆಯ ಅವನನ್ನು ಕೊಂಡವನೇ, ತಪ್ಪೇನೂ ಇಲ್ಲದಿದ್ದರೂ, ಮೊದಲ ಕೆಲಸವೆಂಬಂತೆ ಚಾಟಿಯಿಂದ ಹೊಡೆದಿದ್ದ. ಅವನು ಓಡಿಹೋದಾಗ ಹಿಡಿದುಕೊಟ್ಟವರಿಗೆ 1,500 ಡಾಲರು ಎಂದು ಡಂಗುರವಾಯಿತು.

ದಾರಿಯಲ್ಲಿ ವಿಲ್ಮಿಂಗ್ಟನ್ ಊರಿನ ಸೇತುವೆಗೆ ಪೊಲೀಸರ ಕಾವಲು ಬಿದ್ದಿತ್ತು. ಆ ಊರಿನ ಥಾಮಸ್ ಗ್ಯಾರೆಟ್ ಎಂಬ ಬಿಳಿಯ ವ್ಯಾಪಾರಿ ಒಂದು ಉಪಾಯ ಹೂಡಿದರು. ಗಾರೆಕೆಲಸದವರನ್ನು ಗಾಡಿಗಳಲ್ಲಿ ತುಂಬಿ, ಹಾಡುತ್ತ ಕೂಗುತ್ತ ಕೆಲಸಕ್ಕೆ ಹೋಗುವವರಂತೆ ಬೆಳಿಗ್ಗೆ ಸೇತುವೆ ದಾಟಿಸಿದರು. ಕತ್ತಲಾದ ಮೇಲೆ ಅದೇ ಗಾಡಿಗಳು ಹಾಡಿನೊಂದಿಗೆ ಹಿಂತಿರುಗಿದವು. ಬೆಳಿಗ್ಗೆ ನೋಡಿದ ಗಾಡಿಗಳೇ ಎಂದು ಕಾವಲಿನವರು ಬಿಟ್ಟರು. ಓಡಿಬಂದವರು ಆ ಗಾಡಿಗಳ ತಳದಲ್ಲಿ ಮಲಗಿದ್ದರು.

ನ್ಯೂಯಾರ್ಕಿನಲ್ಲಿ ಸಹಾಯಕ್ಕೆಂದು ನಿಂತ ಒಬ್ಬರು ಪ್ರಕಟಣೆಯಲ್ಲಿದ್ದ ವರ್ಣನೆಯಿಂದಲೇ ಜೋನನ್ನು ಗುರುತಿಸಿಬಿಟ್ಟರು. ಅವರು ಸ್ನೇಹಿತರೇ ಆದರೂ ಜೋನ ಎದೆ ಒಡೆಯಿತು. ಇವರು ಗುರುತಿಸಿದರೆ ಯಾರಾದರೂ ಗುರುತಿಸಿಯಾರು. ಕೆನಡಾ ಇನ್ನೆಷ್ಟು ದೂರವೆಂದು ಕೇಳಿ, ಮುನ್ನೂರು ಮೈಲಿಗೂ ಮೀರಿದ ಲೆಕ್ಕ ತಿಳಿದಾಗ ಮಾತು ನಿಲ್ಲಿಸಿದ. ಅಲ್ಲಿಯವರೆಗೆ ಹಾಡುತ್ತ ಬಂದವನು ಮತ್ತೆ ಬಾಯಿ ತೆರೆಯಲಿಲ್ಲ.

ರೈಲು ತೂಗುಸೇತುವೆಯನ್ನು ಏರಿತು. ದೂರದಲ್ಲಿ ಜಲಪಾತ ಕಂಡಿತು. ಉಳಿದವರು ಕಿಟಕಿಯತ್ತ ಮುಗಿಬಿದ್ದು ಅವನನ್ನು ಕರೆದರು. ಜೋ ತಲೆಯನ್ನು ಕೈಗಳಲ್ಲಿ ಹುದುಗಿಸಿ ಕುಳಿತೇ ಇದ್ದ. ಸೇತುವೆ ನಡುವಿನಲ್ಲಿ ತುಸು ಉಬ್ಬಿ ಆಚೆಗೆ ಇಳಿಜಾರಾಗುತ್ತಿತ್ತು. ಬಂಡಿ ಏರುವುದು ನಿಂತು ಇಳಿಯತೊಡಗಿದ್ದು ತಿಳಿದೊಡನೆ ಹ್ಯಾರಿಯೆಟ್‌ಗೆ ಗೆರೆ ದಾಟಿದ್ದು ಖಚಿತವಾಯಿತು. ಆಕೆ ಜೋನ ಭುಜ ಹಿಡಿದು ಅಲುಗಿಸಿ, ನೀನೀಗ ಸ್ವತಂತ್ರನೆಂದು ಕೂಗಿದಳು. ಅವನು ತಲೆಯೆತ್ತಿದ. ಕಣ್ಣೀರು ಹರಿಯುತ್ತಿತ್ತು, ಹಾಡತೊಡಗಿದ. ಬಂಡಿಯಿಂದ ಇಳಿದ ಮೇಲೂ ಹಾಡು ನಿಲ್ಲಲಿಲ್ಲ. ಸುತ್ತ ಜನ ಸೇರಿತು. ಜಲಪಾತವನ್ನು ಒಮ್ಮೆ ನೋಡಬಹುದಿತ್ತಲ್ಲ ಎಂದು ಹ್ಯಾರಿಯೆಟ್ ಆಮೇಲೆ ಆಕ್ಷೇಪಿಸಿದರಂತೆ. 1869ರಲ್ಲಿ ಸಾರಾ ಬ್ರಾಡ್‌ಫೋರ್ಡ್ ಅವರು ಬರೆದ ಹ್ಯಾರಿಯೆಟ್ ಅವರ ಚರಿತ್ರೆಯಲ್ಲಿ ಇದೆಲ್ಲ ದಾಖಲಾಗಿದೆ.

ಮರುವರ್ಷ ಹ್ಯಾರಿಯೆಟ್ ತಮ್ಮ ವೃದ್ಧ ತಂದೆ ತಾಯಿಯರನ್ನೂ ಕೆನಡಾಕ್ಕೆ, ಸೇಂಟ್ ಕ್ಯಾಥರೀನ್ಸ್ ಊರಿಗೆ ಕರೆತಂದರು. ಮುದುಕರಿಗೆ ಅಲ್ಲಿನ ಚಳಿ ಒಗ್ಗಲಿಲ್ಲ. ಕೊನೆಗೆ 1859ರಲ್ಲಿ ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ಮನೆ ಕೊಂಡು ಅವರನ್ನು ಅಲ್ಲಿಗೆ ಕರೆದೊಯ್ಯಬೇಕಾಯಿತು. ಟೊರಾಂಟೊದ ಮಗನ ಮನೆಯಿಂದ ಡಿಸೆಂಬರಿಗೆ ಮುಂಚೆಯೇ ಊರಿಗೆ ಮರಳುವ ನಮ್ಮ ಹಿರಿಯರು ಈ ಭಾಗವನ್ನು ಓದಿ ತಲೆದೂಗಿಯಾರು.

ರೈಲುಗಳ ಭಾರ ಹೆಚ್ಚಿದಂತೆ ತೂಗುಸೇತುವೆಯ ಮರದ ಭಾಗಗಳಿಗೆ ಬದಲಾಗಿ ಉಕ್ಕು ಬಂತು, ಕಲ್ಲಿನ ಗೋಪುರಗಳಿಗೆ ಬದಲಾಗಿಯೂ ಉಕ್ಕೇ ಬಂತು. ಅಂತಿಮವಾಗಿ 1897ರಲ್ಲಿ ಲೆಫರ್ಟ್ ಬಕ್ ಎಂಬ ಎಂಜಿನಿಯರು ಹಳೆಯದರ ಸುತ್ತಲೇ ಹೊಸ ಉಕ್ಕಿನ ಕಮಾನನ್ನು ಕಟ್ಟಿ, ಆಮೇಲೆ ಹಳೆಯದನ್ನು ಬಿಚ್ಚಿ ತೆಗೆದರು. ವರ್ಲ್‌ಪೂಲ್ ರ‍್ಯಾಪಿಡ್ಸ್ ಸೇತುವೆ ಎಂಬ ಹೆಸರಿನ ಆ ಕಮಾನು ಅದೇ ಸ್ಥಳದಲ್ಲಿ ನಿಂತಿದೆ. ಅದರ ಮೇಲಂತಸ್ತಿನಲ್ಲಿ ನ್ಯೂಯಾರ್ಕ್ ಮತ್ತು ಟೊರಾಂಟೊ ನಡುವಣ ರೈಲು ಹಾದುಹೋಗುತ್ತದೆ.

2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ಕಾರಣದಿಂದ ಈ ಗಡಿಯನ್ನು ಸಾಮಾನ್ಯ ಸಂಚಾರಕ್ಕೆ ಮುಚ್ಚಿದರು. ಲಸಿಕೆ ಪಡೆದ ಅಮೆರಿಕದವರಿಗೆ ಕೆನಡಾ ದಾರಿ ತೆರೆದದ್ದು 2021ರ ಆಗಸ್ಟಿನಲ್ಲಿ. ಅಮೆರಿಕ ತನ್ನ ಭೂಗಡಿಯನ್ನು ತೆರೆದದ್ದು ಅದೇ ವರ್ಷದ ನವೆಂಬರಿನಲ್ಲಿ. ಗಡಿ ದಾಟುವ ರೈಲು ಮತ್ತೆ ಓಡಿದ್ದು 2022ರಲ್ಲಿ. ಅಕ್ಕ ಬಫಲೋದಲ್ಲಿ, ತಮ್ಮ ಹ್ಯಾಮಿಲ್ಟನ್ನಿನಲ್ಲಿ ಇರುವಂತಹ ಸಂಸಾರಗಳು ಆ ದಿನಗಳಲ್ಲಿ ಪಟ ಹಾರಿಸಿದ ಹುಡುಗನ ಎಂಟು ದಿನಗಳನ್ನು ತಿಂಗಳುಗಟ್ಟಲೆ ಅನುಭವಿಸಿದವು.

ಪ್ರವಾಸ ಹೊರಡುವವರಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟಿನವರು ಅಮೆರಿಕದ ವೀಸಾ ಒಂದನ್ನೇ ನಂಬಿ, ಆಚೆ ದಡದಿಂದ ಜಲಪಾತ ಚೆನ್ನಾಗಿ ಕಾಣುತ್ತದೆಂದು ಸೇತುವೆಯತ್ತ ನಡೆಯತೊಡಗಬಾರದು. ಕೆನಡಾದ ಅನುಮತಿಯನ್ನು ಊರಿನಿಂದಲೇ ಮಾಡಿಸಿಕೊಂಡು ಹೋಗಬೇಕು. ಅದಿಲ್ಲದವರೂ ಅಮೆರಿಕದ ದಡದಲ್ಲಿಯೇ ರೈಲು ನಿಲ್ದಾಣಕ್ಕೆ ಹೋಗಬಹುದು. ಅಲ್ಲಿ 1863ರಲ್ಲಿ ಕಟ್ಟಿದ ಸುಂಕದ ಕಚೇರಿಯ ಕಲ್ಲುಕಟ್ಟಡದಲ್ಲಿ, ಗುಲಾಮಗಿರಿಯಿಂದ ಪಾರಾಗಿ ನದಿ ದಾಟಿದವರನ್ನೂ ದಾಟಿಸಿದವರನ್ನೂ ಕುರಿತ ವಸ್ತುಸಂಗ್ರಹಾಲಯವೊಂದು 2018ರಲ್ಲಿ ಆರಂಭವಾಗಿದೆ. ಜೋ ಬೈಲಿ ತಲೆ ತಗ್ಗಿಸಿ ಕುಳಿತು ದಾಟಿದ ಜಾಗ ಅದರ ಪಕ್ಕದಲ್ಲಿಯೇ ಇದೆ.